ಮೀನುಗಾರಿಕೆ ಕಯಾಕ್

ಗಾಳ ಹಾಕಲು ಅನುಕೂಲವಾಗುವಂತೆ ರೂಪಿಸಿದ, ಸಾಮಾನ್ಯವಾಗಿ ಒಬ್ಬರೇ ಕೂರುವ ಕಿರುದೋಣಿ. ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ಅಥವಾ ಕಾಲಿನ ಪೆಡಲಿನಿಂದ ನಡೆಸುತ್ತಾರೆ. ಈಚಿನ ಕೆಲವಕ್ಕೆ ಸಣ್ಣ ವಿದ್ಯುತ್ ಮೋಟರೂ ಇರುತ್ತದೆ. ದೂರದ ಪ್ರಯಾಣಕ್ಕೆಂದು ಮಾಡಿದ ಕಯಾಕ್ ನೀರನ್ನು ಸೀಳಿಕೊಂಡು ಮುಂದೆ ಸಾಗಿದರೆ ಸಾಕು. ಗಾಳದವರ ಕಯಾಕ್ ಮಾಡಬೇಕಾದ ಕೆಲಸವೇ ಬೇರೆ. ಅದರಲ್ಲಿ ಗಂಟೆಗಟ್ಟಲೆ ಒಂದೇ ಕಡೆ ಕೂರಬೇಕು, ಬೆನ್ನ ಹಿಂದಿನ ಪೆಟ್ಟಿಗೆಗೆ ಕೈ ಚಾಚಬೇಕು, ಮೀನು ಎಳೆದತ್ತ ಮೈ ವಾಲಿಸಬೇಕು. ಹಾಗಾಗಿ ಇಲ್ಲಿ ಸ್ಥಿರತೆಯನ್ನೂ ಆರಾಮವನ್ನೂ ಬೇರೆ ಬೇರೆಯಾಗಿ ಅಳೆಯಲು ಬರುವುದಿಲ್ಲ. ಸೊಂಟ ನೋಯುತ್ತಿರುವವರು ಪದೇ ಪದೇ ಸರಿದು ಕೂರುತ್ತಾರೆ. ಸರಿದಾಗಲೆಲ್ಲ ದೋಣಿ ಅಲುಗುತ್ತದೆ. ಅಲುಗುವ ದೋಣಿಯಲ್ಲಿ ಮೈ ಬಿಗಿಹಿಡಿದು ಕೂತರೆ ನೋವು ಇನ್ನೂ ಬೇಗ ಬರುತ್ತದೆ.

ಹಿನ್ನೆಲೆ

ಕಯಾಕ್ ಹುಟ್ಟಿದ್ದು ಉತ್ತರ ಧ್ರುವದ ಸುತ್ತಲಿನ ಜನರ ಬೇಟೆಯ ದೋಣಿಯಾಗಿ. ಇನ್ಯೂಟ್, ಯೂಪಿಕ್, ಅಲ್ಯೂಟ್ ಜನ ಸಮುದ್ರ ತಂದು ಹಾಕಿದ ಮರ ಹಾಗೂ ಎಲುಬುಗಳಿಂದ ಹಂದರ ಕಟ್ಟಿ, ಅದರ ಮೇಲೆ ಸೀಲ್ ಮುಂತಾದ ಕಡಲಪ್ರಾಣಿಗಳ ಚರ್ಮ ಹೊದಿಸಿ ಹೊಲಿಯುತ್ತಿದ್ದರು. ಗ್ರೀನ್‌ಲ್ಯಾಂಡಿನ ಕಯಾಕ್ ಬೇಟೆಗಾರನ ಮೈ ಅಳತೆಗೆ ಸರಿಯಾಗಿ ತಯಾರಾಗುತ್ತಿದ್ದ, ತೀರ ಕಿರಿದಾದ ದೋಣಿ. ಅದರ ಸ್ಥಿರತೆ ಬಹುಪಾಲು ಕೂತವನ ಸೊಂಟದಲ್ಲಿ, ಅವನ ಕಲಿಕೆಯಲ್ಲಿ ಇತ್ತು. ಮಗುಚಿದರೆ ಹುಟ್ಟಿನ ಒಂದು ಬೀಸಿನಿಂದಲೇ ಮೇಲೇಳುವ ವಿದ್ಯೆ ಅವನಿಗೆ ಗೊತ್ತಿತ್ತು. ಇಂದಿನ ಹವ್ಯಾಸಿ ಗಾಳಗಾರರಿಂದ ಆ ವಿದ್ಯೆಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಅದನ್ನು ದೋಣಿಯ ಆಕಾರವೇ ತುಂಬಿಕೊಡಬೇಕು.

ಆ ತಿರುವು ಬಂದದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯದ ಮಾಲಿಬೂ ಕರಾವಳಿಯಲ್ಲಿ. ಅಲ್ಲಿನ ಟಿಮ್ ನೀಮಿಯರ್ ಒಳಗೆ ಕಾಲು ತೂರಿಸುವ ಬದಲು ಮೇಲೆಯೇ ಕೂರುವಂಥ ಕಯಾಕ್ ರೂಪಿಸಿದರು. ಮುಂದೆ ಓಷನ್ ಕಯಾಕ್ ಕಂಪನಿ ಕಟ್ಟಿದರು. ಪಾಲಿಎಥಿಲೀನ್ ಪುಡಿಯನ್ನು ಕಾದ ಅಚ್ಚಿನೊಳಗೆ ತಿರುಗಿಸಿ ಎರಕ ಹೊಯ್ಯುವ ವಿಧಾನ ರೂಢಿಗೆ ಬಂದ ಮೇಲೆ ಇಂಥ ದೋಣಿಗಳು ಅಗ್ಗವಾದವು, ಬಂಡೆಗೆ ಉಜ್ಜಿದರೂ ಒಡೆಯದಂತಾದವು. 1997ರಲ್ಲಿ ಹೋಬಿ ಕಂಪನಿ ತಂದ ಮಿರಾಜ್ ಡ್ರೈವ್, ಪೆಡಲ್ ತುಳಿದಾಗ ದೋಣಿಯ ಅಡಿಯಲ್ಲಿ ಎರಡು ರೆಕ್ಕೆಗಳು ಅತ್ತಿತ್ತ ಬಡಿಯುವ ಯಂತ್ರ. ಅದರಿಂದ ಗಾಳಗಾರರ ಎರಡೂ ಕೈ ಬಿಡುವಾದವು.

ಸ್ಥಿರತೆ

ಕೂತವರು, ಸಾಮಾನು, ದೋಣಿ ಎಲ್ಲದರ ಒಟ್ಟು ಭಾರ ಗುರುತ್ವ ಕೇಂದ್ರದಲ್ಲಿ ಕೆಳಮುಖವಾಗಿ ಒತ್ತುತ್ತದೆ. ನೀರಿನ ಎತ್ತುವ ಬಲವು ದೋಣಿಯ ಮುಳುಗಿದ ಭಾಗದ ನಡುವಿನಿಂದ ಮೇಲ್ಮುಖವಾಗಿ ತಳ್ಳುತ್ತದೆ. ದೋಣಿ ಎಡಕ್ಕೆ ವಾಲಿದರೆ ಎಡಭಾಗ ಹೆಚ್ಚು ಮುಳುಗುತ್ತದೆ, ಎತ್ತುವ ಬಲವೂ ಎಡಕ್ಕೆ ಸರಿಯುತ್ತದೆ. ಹಾಗೆ ಸರಿದ ಬಲ ಭಾರದ ರೇಖೆಯನ್ನು ದಾಟಿ ಆಚೆ ನಿಂತರೆ ದೋಣಿ ನೆಟ್ಟಗಾಗುತ್ತದೆ. ಭಾರವೇ ಅದನ್ನು ದಾಟಿ ಆಚೆ ಹೋದರೆ ಮಗುಚುತ್ತದೆ. ಭಾರ ಎತ್ತರದಲ್ಲಿದ್ದಷ್ಟೂ ಸ್ವಲ್ಪ ವಾಲಿದರೂ ಅದು ಬೇಗ ಆಚೆ ಹೋಗುತ್ತದೆ.

ಅಗಲದ ಪ್ರಭಾವ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಹಳ ಹೆಚ್ಚು, ಏಕೆಂದರೆ ಆಕಾರದಿಂದ ಬರುವ ಸ್ಥಿರತೆ ನೀರಿನ ಮಟ್ಟದಲ್ಲಿನ ಅಗಲದ ಘನಕ್ಕೆ ಅನುಗುಣವಾಗಿ ಏರುತ್ತದೆ. ಉದ್ದ, ತೂಕಗಳನ್ನು ಹಾಗೆಯೇ ಇಟ್ಟು 70 ಸೆಂ.ಮೀ. ಅಗಲವನ್ನು 85 ಸೆಂ.ಮೀ. ಮಾಡಿದರೆ ಅಗಲ ಹೆಚ್ಚಿದ್ದು ಸುಮಾರು ಐದನೆಯ ಒಂದು ಪಾಲು. ಆಕಾರ ಕೊಡುವ ಸ್ಥಿರತೆ ಮಾತ್ರ ಸುಮಾರು 1.8 ಪಟ್ಟಾಗುತ್ತದೆ. ಕಡಲ ಪ್ರಯಾಣದ ಕಯಾಕುಗಳು 55–60 ಸೆಂ.ಮೀ. ಅಗಲವಿದ್ದರೆ ಗಾಳದವು 75ರಿಂದ 95 ಸೆಂ.ಮೀ.ವರೆಗೆ ಹಿಗ್ಗಿರುವುದು ಇದಕ್ಕಾಗಿಯೇ.

ಅಗಲದಷ್ಟೇ ತಳದ ಆಕಾರವನ್ನೂ ನೋಡಬೇಕು. ಚಪ್ಪಟೆ ತಳದ ದೋಣಿ ಕೆರೆಯ ನಿಂತ ನೀರಿನಲ್ಲಿ ಹತ್ತಿದೊಡನೆಯೇ ಭದ್ರವೆನಿಸುತ್ತದೆ. ಆದರೆ ಅದು ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಇರುವುದರಿಂದ ಪಕ್ಕದಿಂದ ಅಲೆ ಬಂದಾಗ ಅಲೆಯ ಇಳಿಜಾರಿನೊಂದಿಗೆ ತಾನೂ ವಾಲುತ್ತದೆ. ಒಂದು ಮಿತಿ ದಾಟಿದರೆ ಮುನ್ಸೂಚನೆ ಕೊಡದೆ ಮಗುಚಿಬಿಡುತ್ತದೆ. ತಳ ತುಸು ದುಂಡಗೆ ಅಥವಾ ‘ವಿ’ ಆಕಾರದಲ್ಲಿದ್ದು ಬದಿಗಳು ಹೊರಬಾಗಿದ್ದರೆ ಮೊದಲಿಗೆ ಓಲಾಡಿಸಿ ಹೆದರಿಸುತ್ತದೆ, ಆದರೆ ಸಾಕಷ್ಟು ವಾಲಿದ ಮೇಲೂ ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಮೊದಲನೆಯದನ್ನು ಆರಂಭಿಕ ಸ್ಥಿರತೆ, ಎರಡನೆಯದನ್ನು ಅಂತಿಮ ಸ್ಥಿರತೆ ಎನ್ನುತ್ತಾರೆ. ಕೊಳ್ಳುವವರು ದಡದ ಬಳಿಯ ತಿಳಿನೀರಿನಲ್ಲಿ ಎರಡು ನಿಮಿಷ ಕೂತು ಮೆಚ್ಚುವುದು ಆರಂಭಿಕ ಸ್ಥಿರತೆಯನ್ನು. ಗಾಳಿ ಎದ್ದ ದಿನ ಕಾಯುವುದು ಅಂತಿಮ ಸ್ಥಿರತೆ. ಎರಡು ಬದಿಗೂ ಉಬ್ಬು, ನಡುವೆ ಕಾಲುವೆಯಂಥ ತಗ್ಗು ಇರುವ ಜೋಡಿ ತಳದ ದೋಣಿಗಳ ಮೇಲೆ ನಿಂತು ಗಾಳ ಬೀಸಬಹುದು. ಅವು ನಿಧಾನ, ಗಾಳಿಗೆದುರಾಗಿ ಸಾಗಲು ಶ್ರಮ ಹೆಚ್ಚು.

ಅಗಲಕ್ಕೆ ತೆರಬೇಕಾದ ಬೆಲೆಯೂ ಇದೆ. ಪೆಡಲ್ ಇರುವ ಅಗಲವಾದ ದೋಣಿ ಸಜ್ಜಾದಾಗ 50 ಕಿ.ಗ್ರಾಂ. ಮೀರಬಹುದು, ಅದನ್ನು ಕಾರಿನ ಮೇಲೇರಿಸಲು ಇನ್ನೊಬ್ಬರ ಕೈ ಬೇಕು. ಹುಟ್ಟು ಹಾಕುವವರಿಗೆ ಸಾಮಾನ್ಯಕ್ಕಿಂತ ಉದ್ದದ, 240–260 ಸೆಂ.ಮೀ. ಹುಟ್ಟು ಬೇಕಾಗುತ್ತದೆ, ಇಲ್ಲವಾದರೆ ಗೆಣ್ಣು ದೋಣಿಯ ಅಂಚಿಗೆ ತಾಗುತ್ತಿರುತ್ತದೆ. ನಿಂತು ಗಾಳ ಬೀಸುವ ಅಗತ್ಯವಿಲ್ಲದವರಿಗೆ 80 ಸೆಂ.ಮೀ. ಆಸುಪಾಸಿನ ಅಗಲ ಸಾಕು. ಮಿಕ್ಕ ಅಗಲ ಪ್ರತಿ ಸಲವೂ ಹೊರಬೇಕಾದ ಭಾರ.

ಆಸನ

ಮೊದಮೊದಲಿನ ಎರಕದ ಕಯಾಕುಗಳಲ್ಲಿ ಆಸನವೆಂದರೆ ಅಚ್ಚಿನಲ್ಲೇ ಮೂಡಿದ ತಗ್ಗು, ಅದರ ಮೇಲೊಂದು ಸ್ಪಂಜಿನ ಹಾಸು. ಕಾಲು ನೀಡಿ ಕೂತು ತೊಡೆಯ ಹಿಂಬದಿಯ ಸ್ನಾಯು ಎಳೆದು, ಸೊಂಟ ಹಿಂದಕ್ಕೆ ಬಾಗಿ, ಕಾಲು ಜೋಮು ಹಿಡಿಯುತ್ತಿತ್ತು. ಅಲ್ಯೂಮಿನಿಯಂ ಚೌಕಟ್ಟಿಗೆ ಜಾಲರಿ ಬಟ್ಟೆ ಬಿಗಿದ ಈಗಿನ ಆಸನ ಅದಕ್ಕಿಂತ ಬಹಳ ಮೇಲು. ಗಾಳಿ ಆಡುತ್ತದೆ, ನೀರು ನಿಲ್ಲುವುದಿಲ್ಲ, ಸೊಂಟ ಹಿಮ್ಮಡಿಗಿಂತ ಎತ್ತರದಲ್ಲಿದ್ದು ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಆದರೆ ಎತ್ತರದ ಆಸನ ಸ್ಥಿರತೆಯನ್ನು ಕಡಿಮೆ ಮಾಡುತ್ತದೆ. 35 ಕಿ.ಗ್ರಾಂ. ದೋಣಿಯಲ್ಲಿ 80 ಕಿ.ಗ್ರಾಂ. ತೂಗುವವರು ಕೂತರೆ ಒಟ್ಟು ಭಾರದ ಕೇಂದ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅವರ ಮೈ. ಆಸನವನ್ನು ಹತ್ತು ಸೆಂ.ಮೀ. ಏರಿಸಿದರೆ ಭಾರದ ಬಹುಪಾಲು ಜೊತೆಗೇ ಏರಿದಂತೆ. ಆದುದರಿಂದ ಎತ್ತರವನ್ನು ಎರಡು ಹಂತದಲ್ಲಿ ಬದಲಿಸಬಹುದಾದ ಆಸನಕ್ಕೆ ಕೊಡುವ ಹಣ, ಗಾಳದ ಕೋಲು ಸಿಕ್ಕಿಸುವ ಹತ್ತಾರು ಹಿಡಿಕೆಗಳಿಗೆ ಕೊಡುವುದಕ್ಕಿಂತ ಸಾರ್ಥಕ. ತಿಳಿನೀರಿನಲ್ಲಿ ಮೇಲಿನ ಹಂತ, ಅಲೆ ಎದ್ದಾಗ ಕೆಳಗಿನ ಹಂತ. ಪಾದ ಒತ್ತುವ ಮೆಟ್ಟು ಮಂಡಿ ತುಸು ಮಡಿಚಿರುವಷ್ಟು ಹತ್ತಿರ ಬರಬೇಕು. ಮೈ ಹಿಡಿತ ಸಿಗುವುದು ಅಲ್ಲಿಂದ.

ಆಯ್ಕೆಯ ಇತರ ಅಂಶಗಳು

ತಯಾರಕರು ನಮೂದಿಸುವ ಗರಿಷ್ಠ ಭಾರದ ಮೂರನೆಯ ಎರಡು ಪಾಲಿನೊಳಗೆ ಮೈತೂಕ ಮತ್ತು ಸಾಮಾನು ಎರಡೂ ಸೇರಬೇಕು. ಮೀರಿದರೆ ಮೇಲೆ ಕೂರುವ ಕಯಾಕಿನ ನೀರಿಳಿಯುವ ತೂತುಗಳಿಂದಲೇ ನೀರು ಮೇಲುಕ್ಕಿ ಆಸನ ಒದ್ದೆಯಾಗುತ್ತದೆ. ಒಳಗೆ ಕೂರುವ ಬಗೆ ಚಳಿಯಿಂದ, ತುಂತುರಿನಿಂದ ಕಾಪಾಡುತ್ತದೆ. ಮಗುಚಿದರೆ ಮಾತ್ರ ನೀರು ತುಂಬಿಕೊಳ್ಳುತ್ತದೆ, ತೋಡಿ ಹಾಕದೆ ಮುಂದೆ ಸಾಗಲಾಗದು. ಮೇಲೆ ಕೂರುವುದನ್ನು ತಿರುಗಿಸಿ ಮತ್ತೆ ಹತ್ತಬಹುದು, ನೀರು ತಾನಾಗಿ ಇಳಿದುಹೋಗುತ್ತದೆ. ಬೆಚ್ಚಗಿನ ನೀರಿನ ನಾಡುಗಳಲ್ಲಿ ಗಾಳದವರಿಗೆ ಇದೇ ಲೇಸು. ಉದ್ದ ಕೆರೆಗೂ ಸಣ್ಣ ಹೊಳೆಗೂ ಸುಮಾರು 3–3.5 ಮೀಟರ್, ಕಡಲಿಗೂ ದೊಡ್ಡ ಜಲಾಶಯಕ್ಕೂ 3.6–4.2 ಮೀಟರ್. ಪೆಡಲ್ ಯಂತ್ರ ಜೊಂಡು, ಕಳೆ ತುಂಬಿದ ಆಳವಿಲ್ಲದ ನೀರಿನಲ್ಲಿ ತೊಡಕಾಗುತ್ತದೆ. ಲಂಗರಿನ ಹಗ್ಗವನ್ನು ಮುಂದಿನ ಅಥವಾ ಹಿಂದಿನ ತುದಿಯಿಂದಲೇ ಇಳಿಬಿಡಬೇಕು. ಹರಿವಿರುವ ನೀರಿನಲ್ಲಿ ಪಕ್ಕಕ್ಕೆ ಕಟ್ಟಿದರೆ ಎಷ್ಟೇ ಅಗಲವಾದ ಕಯಾಕೂ ಮಗುಚಬಹುದು.

ಕರ್ನಾಟಕದ ಒಳನಾಡಿನ ಮೀನುಗಾರರು ಸ್ಥಿರತೆಯ ಪ್ರಶ್ನೆಯನ್ನು ಬೇರೆ ದಾರಿಯಲ್ಲಿ ಬಿಡಿಸಿದ್ದಾರೆ. ತುಂಗಭದ್ರೆ, ಕಾವೇರಿಗಳ ಹರಿಗೋಲು ದುಂಡಗೆ, ಎಲ್ಲ ಕಡೆಗೂ ಒಂದೇ ಅಗಲವಾಗಿದ್ದು, ಕೂತವರು ತಳಕ್ಕೆ ಹತ್ತಿರವಾಗಿ ಇರುತ್ತಾರೆ. ನೇರ ಸಾಗುವ ಗುಣವನ್ನು ಬಿಟ್ಟುಕೊಟ್ಟು ಅದು ನೆಮ್ಮದಿಯನ್ನು ಗಳಿಸಿದೆ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಹಿನ್ನೀರಿನ ಕಾಂಡ್ಲಾ ಕಾಡುಗಳ ನಡುವೆ ಈಗ ಕಯಾಕುಗಳು ಓಡಾಡುತ್ತವೆ, ಗಾಳಕ್ಕಿಂತ ವಿಹಾರಕ್ಕಾಗಿ.

ಕೊಳ್ಳುವ ಮುನ್ನ ದೋಣಿಯನ್ನು ನೀರಿಗಿಳಿಸಿ ಕನಿಷ್ಠ ಒಂದು ಗಂಟೆ ಕೂತು ನೋಡಬೇಕು. ಸೊಂಟದ ನೋವು, ಕಾಲಿನ ಜೋಮು ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಹಿಂದಕ್ಕೆ ತಿರುಗಿ ಸಾಮಾನು ತೆಗೆದು ನೋಡಬೇಕು, ಒಂದು ಬದಿಯ ಅಂಚಿಗೆ ಮೈಭಾರ ಹಾಕಿ ದೋಣಿ ಎಲ್ಲಿ ಹಿಡಿದು ನಿಲ್ಲುತ್ತದೆಂದು ತಿಳಿಯಬೇಕು. ಕೊನೆಗೆ ಲೈಫ್ ಜಾಕೆಟ್ ತೊಟ್ಟು, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ನೀರಿಗೆ ಬಿದ್ದು ಮತ್ತೆ ಹತ್ತಬೇಕು. ಅಗಲವಾದ, ಅಂಚು ಎತ್ತರವಿರುವ ಭಾರಿ ಕಯಾಕುಗಳಿಗೆ ಆಳದ ನೀರಿನಿಂದ ಹತ್ತುವುದು ಹಲವರಿಗೆ ಸಾಧ್ಯವಾಗುವುದಿಲ್ಲ. ಅಂಥವರು ಅದೇ ಅಗಲದ, ಅಂಚು ತಗ್ಗಿರುವ ಇನ್ನೊಂದನ್ನು ಹುಡುಕುವುದು ಒಳ್ಳೆಯದು.