ಮಾನವಿಕ ವಿಷಯಗಳ ಸಂಶೋಧನಾ ವೇತನ

ಮಾನವಿಕ ವಿಷಯಗಳ ಸಂಶೋಧನಾ ವೇತನ ಎಂಬುದು ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಭಾಷಾವಿಜ್ಞಾನ, ಜಾನಪದ ಮುಂತಾದ ವಿಷಯಗಳಲ್ಲಿ ಪಿಎಚ್.ಡಿ. ಪದವಿಗಾಗಿ ಅಧ್ಯಯನ ನಡೆಸುವವರಿಗೆ ನೀಡಲಾಗುವ ಮಾಸಿಕ ಧನಸಹಾಯ. ಇದು ಫೆಲೋಶಿಪ್ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತವಾಗಿದೆ. ಕರ್ನಾಟಕದ ಸಂಶೋಧನಾರ್ಥಿಗಳಿಗೆ ಇದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ), ರಾಷ್ಟ್ರೀಯ ಸಂಶೋಧನಾ ಮಂಡಳಿಗಳು, ರಾಜ್ಯ ಸರ್ಕಾರದ ಇಲಾಖೆಗಳು ಹಾಗೂ ವಿಶ್ವವಿದ್ಯಾಲಯಗಳಿಂದ ದೊರೆಯುತ್ತದೆ.

ಯುಜಿಸಿಯ ಕಿರಿಯ ಸಂಶೋಧನಾ ವೇತನ

ಇದು ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ (ನೆಟ್) ಉನ್ನತ ಸ್ಥಾನ ಪಡೆದವರಿಗೆ ಲಭಿಸುವ ಜೆಆರ್‌ಎಫ್. ಸ್ನಾತಕೋತ್ತರ ಪದವಿಯ ಆಧಾರದಲ್ಲಿ ಪರೀಕ್ಷೆ ಬರೆಯುವವರಿಗೆ ಆ ಪದವಿಯಲ್ಲಿ ಶೇ. 55 ಅಂಕಗಳು ಅಗತ್ಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 50 ಸಾಕು. 2023ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಮೊದಲ 2 ವರ್ಷ ತಿಂಗಳಿಗೆ ರೂ. 37,000, ಪ್ರಗತಿಯ ಮೌಲ್ಯಮಾಪನದ ನಂತರ ಉಳಿದ 3 ವರ್ಷ ರೂ. 42,000 ನೀಡಲಾಗುತ್ತದೆ. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಮಾನವಿಕ ವಿಷಯಗಳಿಗೆ ವಾರ್ಷಿಕ ಸಾದಿಲ್ವಾರು ವೆಚ್ಚ ಮೊದಲ 2 ವರ್ಷ ರೂ. 10,000, ನಂತರ ರೂ. 20,500, ವಿಜ್ಞಾನ ವಿಷಯಗಳಿಗೆ ಇದು ಕ್ರಮವಾಗಿ ರೂ. 12,000 ಮತ್ತು ರೂ. 25,000.

ಇತರ ಮೂಲಗಳು

ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ (1969) ಮತ್ತು ಭಾರತೀಯ ಇತಿಹಾಸ ಸಂಶೋಧನಾ ಮಂಡಳಿ (1972) ತಮ್ಮ ಕ್ಷೇತ್ರಗಳ ಸಂಶೋಧಕರಿಗೆ ನೆರವು ನೀಡುತ್ತವೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೆ ಕೇಂದ್ರ ಸರ್ಕಾರದ ಪ್ರತ್ಯೇಕ ಯೋಜನೆಗಳಿವೆ. ಅಲ್ಪಸಂಖ್ಯಾತರಿಗಾಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022–23ರಿಂದ ಹೊಸಬರಿಗೆ ದೊರೆಯುತ್ತಿಲ್ಲ. ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಅಲ್ಪಸಂಖ್ಯಾತರ ನಿರ್ದೇಶನಾಲಯಗಳು ಪೂರ್ಣಾವಧಿ ಸಂಶೋಧಕರಿಂದ ಅರ್ಜಿ ಆಹ್ವಾನಿಸುತ್ತವೆ.

ಕ್ಷೇತ್ರಕಾರ್ಯ ಮತ್ತು ವೆಚ್ಚ

ಮಾನವಿಕ ಸಂಶೋಧನೆಗೆ ಪ್ರಯೋಗಾಲಯ ಬೇಕಿಲ್ಲವಾದರೂ ಪ್ರಯಾಣ, ವಾಸ್ತವ್ಯ ಮತ್ತು ದಾಖಲೀಕರಣ ಅನಿವಾರ್ಯ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಇದಕ್ಕೆ ಉದಾಹರಣೆ. ವಿಜಯನಗರ ಕಾಲದಲ್ಲಿ ಪ್ರಬಲ ಪಾಳೆಯಗಾರರ ಕೇಂದ್ರವಾಗಿದ್ದ ಈ ಊರಿನ ಅರಸನನ್ನು ಕೃಷ್ಣದೇವರಾಯ ಸೋಲಿಸಿದನು. ಈ ಇತಿಹಾಸವನ್ನು ಅಧ್ಯಯನ ಮಾಡುವವರು ಸ್ಥಳದ ಶಾಸನಗಳನ್ನೂ, 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನೂ, ಮೈಸೂರಿನ ಗ್ರಂಥಭಂಡಾರಗಳನ್ನೂ ನೋಡಬೇಕಾಗುತ್ತದೆ. ಇದೇ ಜಿಲ್ಲೆಯ ಮಲೆ ಮಾದೇಶ್ವರ, ಮಂಟೇಸ್ವಾಮಿ ಮೌಖಿಕ ಕಾವ್ಯಗಳ ಸಂಶೋಧಕರು ಕಂಸಾಳೆಯವರ ಮತ್ತು ನೀಲಗಾರರ ಹಾಡುಗಾರಿಕೆಯನ್ನು ರಾತ್ರಿಯಿಡೀ ಧ್ವನಿಮುದ್ರಿಸಿಕೊಂಡು, ಬಳಿಕ ಲಿಪ್ಯಂತರಿಸಬೇಕಾಗುತ್ತದೆ.

ಸಮಸ್ಯೆಗಳು

ನೆಟ್ ಪರೀಕ್ಷೆಯ ಮೊದಲ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡವನ್ನೇ ವಿಷಯವಾಗಿ ಆಯ್ದುಕೊಂಡವರಿಗೆ ಎರಡನೆಯ ಪತ್ರಿಕೆ ಕನ್ನಡದಲ್ಲಿದ್ದರೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಪತ್ರಿಕೆ ತೊಡಕಾಗುತ್ತದೆ. ರಾಜ್ಯ ಮಟ್ಟದ ಕೆ-ಸೆಟ್ ಪರೀಕ್ಷೆಯು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ನೀಡುತ್ತದೆಯೇ ಹೊರತು ಸಂಶೋಧನಾ ವೇತನ ನೀಡುವುದಿಲ್ಲ. ಜೆಆರ್‌ಎಫ್ ಇಲ್ಲದವರಿಗೆ ಯುಜಿಸಿ ನೀಡುವ ಮಾಸಿಕ ರೂ. 8,000 ನೆರವು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೀಮಿತ. ಇದನ್ನು ನಿಲ್ಲಿಸಲು 2015ರಲ್ಲಿ ಕೈಗೊಂಡ ತೀರ್ಮಾನ ದೇಶವ್ಯಾಪಿ ವಿದ್ಯಾರ್ಥಿ ಪ್ರತಿಭಟನೆಗೆ ಕಾರಣವಾಯಿತು. ಹೀಗಾಗಿ ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ದೊರೆಯಬಹುದಾದ ಈ ನೆರವು ಮೈಸೂರು ವಿಶ್ವವಿದ್ಯಾಲಯದ ಅಥವಾ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ದೊರೆಯುವುದಿಲ್ಲ.

2022ರ ಯುಜಿಸಿ ನಿಯಮಾವಳಿಯಂತೆ ಪಿಎಚ್.ಡಿ. ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಜೆಆರ್‌ಎಫ್ 5 ವರ್ಷಕ್ಕೆ ಮುಗಿಯುವುದರಿಂದ, ಮಹಾಪ್ರಬಂಧದ ಅಂತಿಮ ಬರವಣಿಗೆಯ ಹಂತದಲ್ಲಿ ಸಂಶೋಧಕರು ವೇತನವಿಲ್ಲದೆ ಉಳಿಯುವ ಸಾಧ್ಯತೆಯಿದೆ.