ಬೆಂಗಳೂರು–ದೆಹಲಿ ವಿಮಾನ ಎರಡೂಮುಕ್ಕಾಲು ಗಂಟೆ; ವೈದ್ಯನಾಥಪುರದಿಂದ ಲೆಕ್ಕ ಹಾಕಿದ್ರೆ ಒಂಬತ್ತೂವರೆ!

ಮದ್ದೂರು: ಬೆಂಗಳೂರಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಟಿಕೆಟ್‌ನಲ್ಲಿ ಇರೋದು ಸುಮಾರು 2 ಗಂಟೆ 45 ನಿಮಿಷ. ಆದರೆ ವೈದ್ಯನಾಥಪುರ, ಮದ್ದೂರು ಕಡೆಯಿಂದ ಹೊರಡೋರು ಇದೊಂದೇ ಲೆಕ್ಕ ನಂಬಿಕೊಂಡ್ರೆ ವಿಮಾನ ತಪ್ಪೋದು ಗ್ಯಾರಂಟಿ. ಯಾಕಂದ್ರೆ ದೇವನಹಳ್ಳಿ ಮುಟ್ಟೋಕೇ ಅಷ್ಟು ಹೊತ್ತು ಬೇಕು.

ದೂರ ಎಷ್ಟು?
ಬೆಂಗಳೂರು–ದೆಹಲಿ ನಡುವೆ ಆಕಾಶ ಮಾರ್ಗದಲ್ಲಿ ಸುಮಾರು 1,700 ಕಿ.ಮೀ. ರಸ್ತೆಯಲ್ಲಿ 2,100 ಕಿ.ಮೀ. ದಾಟುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೋದರೆ ಎರಡು ರಾತ್ರಿ ಕಳೆಯಬೇಕು. ಟಿಕೆಟ್‌ನ ಸಮಯದಲ್ಲಿ ವಿಮಾನ ರನ್‌ವೇಗೆ ಹೋಗುವ, ಇಳಿದ ಮೇಲೆ ನಿಲ್ಲುವ ಹೊತ್ತೂ ಸೇರಿರುತ್ತದೆ.

ನಮ್ಮೂರಿಂದ ನಿಲ್ದಾಣಕ್ಕೆ
ಮದ್ದೂರಿಂದ ಬೆಂಗಳೂರು ಸುಮಾರು 80 ಕಿ.ಮೀ. ಅಲ್ಲಿಂದ ಊರು ದಾಟಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಇನ್ನೂ 35–40 ಕಿ.ಮೀ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇನಲ್ಲಿ ಕೆಂಗೇರಿವರೆಗೆ ಕಾರು ಬೇಗ ಹೋಗುತ್ತೆ. ಹೊತ್ತು ತಿನ್ನೋದು ಕೆಂಗೇರಿಯಿಂದ ಆಚೆ, ಅದರಲ್ಲೂ ಹೆಬ್ಬಾಳದ ಟ್ರಾಫಿಕ್. ಹಾಗಾಗಿ ಕಾರಿಗೆ ಮೂರರಿಂದ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಬಸ್ಸಲ್ಲಿ ಹೋಗೋರು ಮೆಜೆಸ್ಟಿಕ್‌ನಲ್ಲಿ ಇಳಿದು ವಾಯುವಜ್ರ ಹಿಡಿಯಬೇಕು. ಇನ್ನೊಂದು ಗಂಟೆ ಜಾಸ್ತಿ ಇರಲಿ.

ಹಿಂದಿನಿಂದ ಲೆಕ್ಕ ಹಾಕಿ
ಬೆಳಿಗ್ಗೆ 10ಕ್ಕೆ ವಿಮಾನ ಅಂತ ಇಟ್ಟುಕೊಳ್ಳಿ.
• 9:00 – ಚೆಕ್‌ಇನ್ ಕೌಂಟರ್ ಬಂದ್. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತಾರೆ.
• 8:00 – ನಿಲ್ದಾಣದ ಬಾಗಿಲಲ್ಲಿ ಇರಬೇಕು.
• 4:30 – ವೈದ್ಯನಾಥಪುರ ಬಿಡಬೇಕು.
• 12:45 – ದೆಹಲಿಯಲ್ಲಿ ಇಳಿಯೋದು.
• 2:00 – ಬ್ಯಾಗ್ ತಗೊಂಡು ದೆಹಲಿ ಊರೊಳಗೆ ಸೇರೋದು.

ಒಟ್ಟು ಒಂಬತ್ತೂವರೆ ಗಂಟೆ. ಅದೇ ದಿನ ಮಧ್ಯಾಹ್ನ ಸಂದರ್ಶನ, ಆಸ್ಪತ್ರೆ ಅಪಾಯಿಂಟ್‌ಮೆಂಟ್, ವ್ಯಾಪಾರದ ಮಾತುಕತೆ ಇಟ್ಟುಕೊಂಡಿದ್ದರೆ ಹಿಂದಿನ ದಿನವೇ ಹೋಗೋದು ವಾಸಿ. ಡಿಸೆಂಬರ್–ಜನವರಿಯಲ್ಲಿ ದೆಹಲಿಯ ಮಂಜಿನಿಂದ ವಿಮಾನಗಳು ತಡವಾಗೋದು ಮಾಮೂಲು.

ಮೈಸೂರಿಂದ ಹೋಗಬಹುದಾ?
ಮಂಡಕಳ್ಳಿ ವಿಮಾನ ನಿಲ್ದಾಣ ನಮಗೆ ದೇವನಹಳ್ಳಿಗಿಂತ ಹತ್ತಿರ. ಆದರೆ ಅಲ್ಲಿನ ರನ್‌ವೇ 1,740 ಮೀಟರ್ ಅಷ್ಟೇ. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು, ದೆಹಲಿಗೆ ಹಾರುವ ದೊಡ್ಡ ಏರ್‌ಬಸ್, ಬೋಯಿಂಗ್‌ಗೆ ಸಾಲದು. ಹಾಗಾಗಿ ದೆಹಲಿಗೆ ಹೋಗೋರಿಗೆ ದೇವನಹಳ್ಳಿಯೇ ಗತಿ.

ಗಮನಿಸಿ
ಟರ್ಮಿನಲ್ 1 ಅಥವಾ 2 ಅಂತ ಟಿಕೆಟ್‌ನಲ್ಲಿ ನೋಡಿಕೊಂಡೇ ಹೊರಡಿ. ಬಾಗಿಲಲ್ಲಿ ಟಿಕೆಟ್ ಜೊತೆ ಆಧಾರ್ ಅಥವಾ ಬೇರೆ ಫೋಟೊ ಗುರುತಿನ ಚೀಟಿ ತೋರಿಸಬೇಕು. ವಿಮಾನ ತಪ್ಪಿದರೆ ಟಿಕೆಟ್ ದುಡ್ಡು ಬಹುಪಾಲು ಹೋದಂಗೇ. ಆದರೂ ಸರ್ಕಾರದ ತೆರಿಗೆ, ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಬೇಕು ಅನ್ನೋ ನಿಯಮ ಇದೆ. ಅದನ್ನ ಕಂಪನಿಗೆ ಅಥವಾ ಟಿಕೆಟ್ ಮಾಡಿಸಿದ ಏಜೆಂಟ್‌ಗೆ ಕೇಳಿ ಪಡೆಯಿರಿ.