ಬಸುರಿಯರ ಪಾಂಡುರೋಗ ಮತ್ತು ಡಾಕ್ಟರ್ ಲೂಸಿ ವಿಲ್ಸ್

ಹಿರೇಕೆರೂರು ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಈಗ ಬಸುರಿ ಹೆಣ್ಣುಮಗಳಿರುವ ಮನೆಗೆ ಕೆಂಪು ಬಣ್ಣದ ಗುಳಿಗೆಗಳು ತಪ್ಪದೆ ಬಂದು ಸೇರುತ್ತವೆ. ಆಶಾ ಕಾರ್ಯಕರ್ತೆ ತಂದುಕೊಡುತ್ತಾಳೆ. ಮನೆಯ ಹಿರಿಯಳು ಗೋಡೆಯ ಗೂಡಿನಲ್ಲಿ ಎತ್ತಿಡುತ್ತಾಳೆ. ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವುವು. ದಿನಕ್ಕೊಂದರಂತೆ 180 ದಿನ ನುಂಗಬೇಕೆಂದು ವಿಧಿ. ಇವುಗಳಲ್ಲಿ ಕಬ್ಬಿಣದ ಕಥೆ ಹಳೆಯದು. ಚರಕಸಂಹಿತೆಯಲ್ಲಿಯೇ ಪಾಂಡುರೋಗಕ್ಕೆ ಒಂದು ಅಧ್ಯಾಯವಿದೆ. ಲೋಹಭಸ್ಮವನ್ನು ಕೊಡುವ ವಾಡಿಕೆ ನಮ್ಮ ವೈದ್ಯರಲ್ಲಿ ಎಷ್ಟೋ ಕಾಲದಿಂದ ನಡೆದುಬಂದುದು. ಆದರೆ ಗುಳಿಗೆಯಲ್ಲಿ ಕಣದಷ್ಟೇ ಇರುವ ಎರಡನೆಯ ದ್ರವ್ಯದ ಚರಿತ್ರೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅದು ಆರಂಭವಾದದ್ದು ಮುಂಬಯಿಯ ಗಿರಣಿಗಳ ನಡುವೆ, ಒಬ್ಬ ಆಂಗ್ಲ ಮಹಿಳೆಯ ಸೂಕ್ಷ್ಮದರ್ಶಕದ ಕೆಳಗೆ. ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿಗಳು ಆಗ ಧಾರವಾಡ ಜಿಲ್ಲೆಯ ಭಾಗಗಳಾಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. 1956ರವರೆಗೆ ಇವುಗಳ ರಾಜಧಾನಿ ಮುಂಬಯಿಯೇ. ಆದುದರಿಂದ ಈ ಕಥೆಯನ್ನು ಪರದೇಶದ ಕಥೆಯೆಂದು ನಾವು ಬಗೆಯಬೇಕಾಗಿಲ್ಲ.

ಕಥೆಗೆ ಮೊದಲು ರೋಗದ ವಿಚಾರವಾಗಿ ಎರಡು ಮಾತು ಹೇಳಬೇಕು. ನಮ್ಮ ನೆತ್ತರಿನ ಕೆಂಪು ಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅಲ್ಲಿ ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ, ಪಕ್ವವಾದಮೇಲೆ ಹೊರಕ್ಕೆ ಬರುವುವು. ಕಬ್ಬಿಣ ಸಾಲದೆ ಹೋದರೆ ಕಣಗಳು ಚಿಕ್ಕವಾಗಿಯೂ ಬಿಳಿಚಿಕೊಂಡೂ ಇರುವುವು. ಇದು ಸಾಮಾನ್ಯವಾದ ರಕ್ತಹೀನತೆ. ಇನ್ನೊಂದು ಬಗೆಯುಂಟು. ಅದರಲ್ಲಿ ಕಣಗಳು ಒಡೆಯಲಾರದೆ ಮಜ್ಜೆಯಲ್ಲಿಯೇ ಊದಿಕೊಂಡು, ಸಂಖ್ಯೆಯಲ್ಲಿ ಬಹಳ ಕಡಿಮೆಯಾಗಿ, ಗಾತ್ರದಲ್ಲಿ ಮಾತ್ರ ದೊಡ್ಡವಾಗಿ ನೆತ್ತರಿಗೆ ಇಳಿಯುವುವು. ರೋಗಿಗೆ ಏದುಸಿರು, ಬಾವು, ನಾಲಗೆಯ ಹುಣ್ಣು, ಅನ್ನದ ಮೇಲೆ ಹೇಸಿಕೆ. ಕಬ್ಬಿಣವೊಂದರಿಂದ ಈ ರೋಗ ಬಗ್ಗದು. ಪಶ್ಚಿಮದಲ್ಲಿ ಇದೇ ರೂಪದ ಒಂದು ವ್ಯಾಧಿಗೆ ಮಾರಕ ರಕ್ತಹೀನತೆಯೆಂದೇ ಹೆಸರಿತ್ತು. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ಪ್ರಾಣಿಗಳ ಯಕೃತ್ತನ್ನು ದಿನವೂ ತಿನ್ನಿಸಿ ಅದನ್ನು ವಾಸಿಮಾಡಿ ತೋರಿಸಿದರು; 1934ರಲ್ಲಿ ಅವರಿಗೂ ವಿಪ್ಪಲ್ ಎಂಬವರಿಗೂ ನೊಬೆಲ್ ಪಾರಿತೋಷಿಕ ಬಂದಿತು. ಆದರೆ ಹಿಂದೂಸ್ಥಾನದಲ್ಲಿ ಈ ರೂಪದ ರೋಗ ಕಾಣಿಸುತ್ತಿದ್ದುದು ಬಸುರಿಯರಲ್ಲಿ, ಅದರಲ್ಲಿಯೂ ಬಡವರಲ್ಲಿ. ತುಂಬಿದ ತಿಂಗಳಲ್ಲಿ ತಾಯಿ ಮಗು ಇಬ್ಬರನ್ನೂ ಅದು ಒಯ್ಯುತ್ತಿತ್ತು.

ಲೂಸಿ ವಿಲ್ಸ್ ಹುಟ್ಟಿದ್ದು 1888ನೆಯ ಇಸವಿ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಬಳಿಯ ಸಟನ್ ಕೋಲ್ಡ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ವಿಜ್ಞಾನದಲ್ಲಿ ಪದವೀಧರರು. ತಾಯಿಯ ತಂದೆ ವೈದ್ಯರು. ಕೇಂಬ್ರಿಜ್ಜಿನ ನ್ಯೂನ್‌ಹ್ಯಾಂ ಕಾಲೇಜಿನಲ್ಲಿ ಈಕೆ ಓದಿದ್ದು ಸಸ್ಯಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ. ಹೆಂಗಸರು ಪರೀಕ್ಷೆಯನ್ನು ಕೊಟ್ಟು ತೇರ್ಗಡೆಯಾದರೂ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಅವರಿಗೆ ಪೂರ್ಣಪದವಿಯನ್ನು ಕೊಡದೆ ಇದ್ದ ಕಾಲವದು. ಅದು ಕೊಟ್ಟಿದ್ದು 1948ರಲ್ಲಿ. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಆಕೆ ದಕ್ಷಿಣ ಆಫ್ರಿಕದಲ್ಲಿದ್ದು, ಕೆಲವು ವಾರ ದಾದಿಯ ಕೆಲಸಮಾಡಿದರು. ಮರುವರ್ಷ ಲಂಡನ್ನಿಗೆ ಬಂದು ಹೆಂಗಸರ ವೈದ್ಯಶಾಲೆಯನ್ನು ಸೇರಿ, 1920ರಲ್ಲಿ ಡಾಕ್ಟರರಾದರು. ಮೂವತ್ತೆರಡು ವಯಸ್ಸು, ಎಲ್ಲರೂ ವೃತ್ತಿಯಲ್ಲಿ ನೆಲೆಗೊಳ್ಳುವ ಕಾಲದಲ್ಲಿ ಈಕೆಗೆ ವೃತ್ತಿ ಆರಂಭ. ಆದರೂ ರೋಗಿಗಳ ನಾಡಿ ಹಿಡಿಯುವ ಕೆಲಸಕ್ಕಿಂತ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಶಾಲೆಯೇ ಈಕೆಯ ಮನಸ್ಸನ್ನು ಸೆಳೆಯಿತು.

1928ರಲ್ಲಿ ಮುಂಬಯಿಯಿಂದ ಕರೆ ಬಂದಿತು. ಹೆರಿಗೆಯಲ್ಲಿ ಸಾಯುವ ತಾಯಂದಿರ ವಿಚಾರವಾಗಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಒಂದು ವಿಚಾರಣೆಯನ್ನು ನಡೆಸುತ್ತಿತ್ತು. ಇದೇ ಸಂಸ್ಥೆ ಮುಂದೆ 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಾಯಿತು. ಈ ದೇಶದ ಹೆಂಗಸರ ಆಸ್ಪತ್ರೆಗಳಲ್ಲಿ ಆಯುಷ್ಯ ಸವೆಸಿದ ಡಾಕ್ಟರ್ ಮಾರ್ಗರೆಟ್ ಬಾಲ್ಫೋರ್ ಎಂಬಾಕೆ ವಿಲ್ಸರನ್ನು ಕರೆಸಿಕೊಂಡರು. ಕೆಲಸದ ಸ್ಥಳ ಪರಳದ ಹಾಫ್ಕಿನ್ ಸಂಸ್ಥೆ. ಧಾರವಾಡ ಸೀಮೆಯವರಿಗೆ ಆ ಹೆಸರು ಅಪರಿಚಿತವಲ್ಲ: 1898ರಲ್ಲಿ ಪ್ಲೇಗು ಬಡಿದಾಗ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ತೋಳೊಡ್ಡಿ ಚುಚ್ಚಿಸಿಕೊಂಡ ಮದ್ದು ಹಾಫ್ಕಿನ್ನರದೇ. ಗವರ್ನರರ ಹಳೆಯ ಬಂಗಲೆಯೇ ಈ ಸಂಸ್ಥೆಯ ಮನೆ. ಸುತ್ತಲೂ ಬಟ್ಟೆಯ ಗಿರಣಿಗಳು. ಗಿರಣಿಗಳ ಸುತ್ತ ಚಾಳುಗಳು. ವಿಲ್ಸರ ರೋಗಿಗಳು ಈ ಚಾಳುಗಳಿಂದಲೇ ಬಂದ ಬಸುರಿ ಕೆಲಸಗಾರ್ತಿಯರು.

ಮೊದಲು ಆಕೆ ಕೇಳಿದ ಪ್ರಶ್ನೆ, ಇದು ಅಂಟುರೋಗವೇ ಎಂದು. ರೋಗಿಗಳ ಮಲವನ್ನು ಶೋಧಿಸಿ ನೋಡಿದರು. ದೋಷಿಯಾದ ಕ್ರಿಮಿ ಸಿಕ್ಕಲಿಲ್ಲ. ಆಮೇಲೆ ಕೇಳಿದ್ದು, ಇವರು ಏನು ಉಣ್ಣುತ್ತಾರೆ ಎಂಬುದನ್ನು. ಈ ಎರಡನೆಯ ಪ್ರಶ್ನೆಗಾಗಿಯೇ ನಾವು ಆಕೆಗೆ ಹೆಚ್ಚಿನ ಗೌರವವನ್ನು ಸಲ್ಲಿಸುತ್ತೇವೆ. ಜಾತಿ ಮತಗಳ ಪ್ರಕಾರ, ಆದಾಯದ ಪ್ರಕಾರ ಊಟದ ಲೆಕ್ಕ ಬರೆದುಕೊಂಡು ಹೋಲಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಎಲ್ಲಿ ಕಾಯಿಪಲ್ಯ, ಹಣ್ಣು, ಹಾಲು ಕಡಿಮೆಯೋ, ಎಲ್ಲಿ ಪಾಲಿಷ್ ಮಾಡಿದ ಅಕ್ಕಿ ಮತ್ತು ರೊಟ್ಟಿಯೇ ಊಟವೋ, ಅಲ್ಲಿ ಈ ರೋಗ ಹೆಚ್ಚು. ಗೋಷಾದೊಳಗಿದ್ದ ಬಡ ಮುಸಲ್ಮಾನ ಹೆಂಗಸರ ಊಟ ಎಲ್ಲಕ್ಕಿಂತ ಹೀನವಾಗಿತ್ತು.

ಇಲ್ಲಿ ನಮಗೆ ನಮ್ಮ ಸೀಮೆಯ ಒಂದು ಪದ್ಧತಿ ನೆನಪಾಗುತ್ತದೆ. ಧಾರವಾಡದ ಕಡೆ ಬಸುರಿಗೆ ಕುಬಸ ಮಾಡುವುದು, ತವರಿನವರೂ ನೆರೆಹೊರೆಯವರೂ ಬಯಕೆಯ ಬುತ್ತಿಯನ್ನು ಹೊತ್ತು ಬರುವುದು ಶ್ರೋತೃಗಳಲ್ಲಿ ಅನೇಕರಿಗೆ ಗೊತ್ತಿದ್ದೀತು. ಜೋಳದ ರೊಟ್ಟಿಯ ಜೊತೆಗೆ ಮೊಳಕೆಯ ಕಾಳು, ಪುಂಡಿಪಲ್ಯ, ಮೆಂತ್ಯದ ಸೊಪ್ಪು, ಶೇಂಗದ ಚಟ್ನಿ. ಅದನ್ನು ಹಾಕಿಕೊಟ್ಟ ಅಜ್ಜಿಯರಿಗೆ ಆಮ್ಲದ ಹೆಸರು ತಿಳಿದಿರಲಿಲ್ಲ. ಬುತ್ತಿಯಲ್ಲಿ ಮಾತ್ರ ಅದು ಇತ್ತು. ತವರು ಬಿಟ್ಟು ನೂರಾರು ಮೈಲಿ ದೂರದ ಚಾಳಿನಲ್ಲಿ ಹತ್ತು ಗಂಟೆ ದುಡಿದು ಬಂದ ಹೆಣ್ಣಿಗೆ ಬುತ್ತಿ ತರುವವರು ಯಾರು? ಆದರೆ ಹಳ್ಳಿಗಾಡಿನಲ್ಲಿ ಎಲ್ಲರಿಗೂ ಬುತ್ತಿ ಬರುತ್ತಿತ್ತೆಂದು ನಾವು ಭ್ರಮಿಸಬಾರದು. ಬರದ ವರ್ಷ ಕುಬಸವೂ ಬಡವಾಗುತ್ತದೆ. ಮಲೆನಾಡ ಸೆರಗಿನ ಊರುಗಳಲ್ಲಿ ಚಳಿಜ್ವರವೊಂದೇ ನೆತ್ತರನ್ನು ಹೀರಿ, ಇದ್ದ ಸತ್ತ್ವವನ್ನೂ ಸೋರಿಸುತ್ತಿತ್ತು.

1929ರಲ್ಲಿ ವಿಲ್ಸ್ ನೀಲಗಿರಿಯ ಕೂನೂರಿಗೆ ಹೋದರು. ಅಲ್ಲಿಯ ಪ್ಯಾಸ್ಟರ್ ಸಂಸ್ಥೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ನರು ಆಹಾರಸಂಶೋಧನೆಯನ್ನು ನಡೆಸುತ್ತಿದ್ದರು. ಮುಂಬಯಿಯ ಬಡ ಹೆಂಗಸರು ಉಣ್ಣುತ್ತಿದ್ದ ಅದೇ ಊಟವನ್ನು ಬಿಳಿಯ ಇಲಿಗಳಿಗೆ ಉಣ್ಣಿಸಿ ನೋಡಿದರು. ಗಬ್ಬವಾದ ಇಲಿಗಳು ರಕ್ತಹೀನವಾಗಿ ಈಯುವ ಮೊದಲೇ ಸತ್ತುವು. ಯೀಸ್ಟ್ ಬೆರಸಿ ಕೊಟ್ಟ ಇಲಿಗಳು ಬದುಕಿದುವು. ಈ ಪ್ರಯೋಗದಲ್ಲಿ ಒಂದು ದೊಡ್ಡ ತಪ್ಪಿತ್ತು. ಇಲಿಗಳನ್ನು ಕೊಂದದ್ದು ಬರಿಯ ಊಟವಲ್ಲ, ಹೇನುಗಳ ಮೂಲಕ ಹರಡುವ ಬಾರ್ಟೊನೆಲ್ಲ ಎಂಬ ಕ್ರಿಮಿಯೆಂದು ಆಮೇಲೆ ಗೊತ್ತಾಯಿತು. ದಾರಿ ತಪ್ಪಿಯೂ ಊರು ಸೇರಿದಂತಾಯಿತು. ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಇಂಥ ಸಂಗತಿಗಳನ್ನು ಮೆಲ್ಲನೆ ಒರೆಸಿಬಿಡುವುದುಂಟು. ನಾವು ಇದನ್ನು ಹೇಳಿಯೇ ಮುಂದುವರಿಯುತ್ತೇವೆ.

ಮುಂದೆ ಮುಂಬಯಿಯಲ್ಲಿ ಕೋತಿಗಳ ಮೇಲೆ ಪ್ರಯೋಗ ನಡೆಯಿತು. ಸಾಯಲಿದ್ದ ಒಂದು ಕೋತಿಗೆ ಬೇರೆ ದಾರಿ ಕಾಣದೆ ಮಾರ್ಮೈಟನ್ನು ತಿನ್ನಿಸಿದಾಗ ಅದು ಚೇತರಿಸಿಕೊಂಡಿತೆಂಬ ಕಥೆ ಪ್ರಚಲಿತವಾಗಿದೆ. ಮಾರ್ಮೈಟ್ ಎಂಬುದು ಬಿಯರ್ ತಯಾರಿಸಿದಮೇಲೆ ಉಳಿಯುವ ಯೀಸ್ಟಿನಿಂದ ತೆಗೆದ ಕಪ್ಪು ಲೇಹ್ಯ; ಇಂಗ್ಲಿಷರು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಅಗ್ಗದ ಸಾಮಾನು. ಯಕೃತ್ತಿನ ಸಾರಕ್ಕೆ ಬೆಲೆ ಹೆಚ್ಚು. ಅದಲ್ಲದೆ ಮಾಂಸ ಮುಟ್ಟದ ಮನೆತನದ ಹೆಂಗಸಿಗೆ ಅದನ್ನು ಕುಡಿಸುವುದು ಸುಲಭವಲ್ಲ. ಲೇಹ್ಯಕ್ಕೆ ಈ ಅಡಚಣೆಯಿರಲಿಲ್ಲ. ವಿಲ್ಸ್ ಅದನ್ನು ರೋಗಿಗಳಿಗೆ ಕೊಟ್ಟರು. ನಾಲ್ಕನೆಯ ದಿನದ ಹೊತ್ತಿಗೆ ಅವರಿಗೆ ಹಸಿವು ಮರಳುತ್ತಿತ್ತು. ತರುವಾಯ ಕೆಂಪು ಕಣಗಳ ಸಂಖ್ಯೆ ಏರತೊಡಗುತ್ತಿತ್ತು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಈ ವೃತ್ತಾಂತ ಅಚ್ಚಾಯಿತು. ಅದೇ ವರ್ಷದ ಆದಿಯಲ್ಲಿ ಆಕೆ ಮದರಾಸಿನ ಕ್ಯಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲಿಯೂ ಕೆಲಸಮಾಡಿದ್ದರು.

ಈ ಕೆಲಸ ಒಬ್ಬರಿಂದಲೇ ಆದದ್ದಲ್ಲ. ಮೆಹತಾ, ತಲ್ಪಡೆ, ಬಿಲಿಮೋರಿಯಾ ಎಂಬ ಹೆಸರುಗಳು ಆಕೆಯ ಲೇಖನಗಳ ತಲೆಯ ಮೇಲೆಯೇ ಅಚ್ಚಾಗಿವೆ. ವಿಲ್ಸರ ಕೀರ್ತಿಯನ್ನು ಹಾಡುವವರು ಇವರನ್ನು ಮರೆಯುವುದೇ ಹೆಚ್ಚು.

ಸಂಶೋಧನೆಗೆ ಹಣದ ನೆರವು ದೊರೆತ ಮೂಲಗಳಲ್ಲಿ ಒಂದು ಮೈಸೂರಿನವರಿಗೆ ಹತ್ತಿರವಾದುದು. ಸರ್ ದೊರಾಬ್ಜಿ ಟಾಟಾರ ಪತ್ನಿ ಮೆಹೆರ್‌ಬಾಯಿ ಬೆಳೆದದ್ದು ಬೆಂಗಳೂರಿನಲ್ಲಿ; ಆಕೆಯ ತಂದೆ ಹಾರ್ಮಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು. ಮೆಹೆರ್‌ಬಾಯಿ 1931ರಲ್ಲಿ ಲ್ಯುಕೀಮಿಯ ಎಂಬ ರಕ್ತದ ಅರ್ಬುದರೋಗದಿಂದ ತೀರಿಕೊಂಡರು. ಮರುವರ್ಷ ಪತಿಯು ಆಕೆಯ ಸ್ಮರಣೆಗಾಗಿ ಲೇಡಿ ಟಾಟಾ ಸ್ಮಾರಕ ನಿಧಿಯನ್ನು ಸ್ಥಾಪಿಸಿದರು. ರಕ್ತರೋಗಗಳ ಶೋಧನೆಗೆ ಮೀಸಲಾದ ಆ ನಿಧಿಯಿಂದ ವಿಲ್ಸರಿಗೂ ಸಹಾಯ ಸಂದಿತು.

1933ರಲ್ಲಿ ಲಂಡನ್ನಿಗೆ ಹಿಂದಿರುಗಿದ ವಿಲ್ಸ್ 1937ರ ನವೆಂಬರಿನಲ್ಲಿ ಮತ್ತೊಮ್ಮೆ ಬಂದರು. ಈ ಸಲ ವಿಮಾನದಲ್ಲಿ ಕರಾಚಿಗೆ, ಅಲ್ಲಿಂದ ಮುಂಬಯಿಗೆ. ಹತ್ತು ವಾರಗಳ ಈ ಭೇಟಿಯ ಫಲವೇ ಆಕೆಯ ಕೆಲಸದ ತಿರುಳೆಂದು ನಮ್ಮ ಅಭಿಪ್ರಾಯ. ಯಕೃತ್ತಿನ ಸಾರವನ್ನು ಚೆನ್ನಾಗಿ ಶುದ್ಧಿಮಾಡಿ ಕೊಟ್ಟರೆ ಪಶ್ಚಿಮದ ಮಾರಕ ರಕ್ತಹೀನತೆ ವಾಸಿಯಾಗುತ್ತಿತ್ತು. ಮುಂಬಯಿಯ ಬಸುರಿಯರಿಗೆ ಮಾತ್ರ ಅದರಿಂದ ಗುಣವಿಲ್ಲ. ಒರಟು ಸಾರ ಕೊಟ್ಟರೆ, ಯೀಸ್ಟ್ ಕೊಟ್ಟರೆ ಗುಣ. ಎಂದಮೇಲೆ ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ತೋರುವ ಈ ರೋಗಗಳು ಎರಡು. ಎರಡಕ್ಕೂ ಬೇರೆ ಬೇರೆ ದ್ರವ್ಯಗಳು ಬೇಕು. ಶುದ್ಧೀಕರಣದಲ್ಲಿ ಕಳೆದುಹೋಗುವ ಆ ಅಜ್ಞಾತದ್ರವ್ಯಕ್ಕೆ ‘ವಿಲ್ಸ್ ಅಂಶ’ವೆಂದೇ ಹೆಸರಾಯಿತು. ಈ ಭೇದವು ಬರಿಯ ಪಂಡಿತರ ಚರ್ಚೆಯಲ್ಲ. 1948ರಲ್ಲಿ ಯಕೃತ್ತಿನ ದ್ರವ್ಯವು ಜೀವಸತ್ತ್ವ ಬಿ 12 ಎಂದು ಬೇರ್ಪಟ್ಟಿತು. ಬಿ 12 ಸಾಲದವನಿಗೆ ವಿಲ್ಸ್ ಅಂಶವನ್ನಷ್ಟೇ ಕೊಟ್ಟರೆ ನೆತ್ತರು ತಿಳಿಯಾದಂತೆ ಕಂಡರೂ ನರಗಳು ಒಳಗೊಳಗೇ ನಾಶವಾಗುತ್ತ ಹೋಗುವುವು.

ವಿಲ್ಸ್ ಅಂಶವನ್ನು ಹಿಡಿದು ಹೆಸರಿಟ್ಟವರು ಬೇರೆಯವರು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮಿಚೆಲ್, ಸ್ನೆಲ್, ವಿಲಿಯಮ್ಸ್ ಎಂಬವರು ನಾಲ್ಕು ಟನ್ ಪಾಲಕ ಸೊಪ್ಪನ್ನು ಅರೆದು ಸೋಸಿ ಒಂದು ಆಮ್ಲವನ್ನು ತೆಗೆದು, ಎಲೆಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. 1945ರಲ್ಲಿ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅದನ್ನು ಕೃತಕವಾಗಿ ತಯಾರಿಸಿದರು. ಆ ತಂಡದ ನಾಯಕರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಸ್ಪ್ರೂ ಎಂಬ ಭೇದಿರೋಗದಿಂದ ತಮ್ಮ ಇಬ್ಬರು ಸೋದರರನ್ನು ಯೌವನದಲ್ಲಿಯೇ ಕಳೆದುಕೊಂಡವರು ಅವರು. ತಮ್ಮ ಪ್ರಯೋಗಶಾಲೆಯಿಂದ ಹೊರಟ ವಸ್ತುವೇ ಆ ರೋಗಕ್ಕೆ ಮದ್ದಾದುದನ್ನು ಕಂಡು 1948ರಲ್ಲಿ ತೀರಿಕೊಂಡರು. ಅದೇ ವರ್ಷ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧವನ್ನು ಲ್ಯುಕೀಮಿಯದ ಮಕ್ಕಳಿಗೆ ಕೊಟ್ಟು, ರೋಗವು ಕೆಲವು ಕಾಲವಾದರೂ ಹಿಮ್ಮೆಟ್ಟುವುದನ್ನು ತೋರಿಸಿದರು. ಕಣಗಳು ಒಡೆಯಲು ಬೇಕಾದುದನ್ನು ಕೊಟ್ಟರೆ ಬಸುರಿ ಬದುಕುವಳು. ಅದನ್ನೇ ತಡೆದರೆ ಅರ್ಬುದ ಹಿಂಜರಿಯುವುದು.

ವಿಲ್ಸ್ ಯುದ್ಧಕಾಲದಲ್ಲಿ ತಮ್ಮ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿಯೇ ದುಡಿದು 1947ರಲ್ಲಿ ನಿವೃತ್ತರಾದರು. ಮದುವೆಯಾಗಲಿಲ್ಲ. ಬೆಟ್ಟ ಹತ್ತುವುದರಲ್ಲಿಯೂ ಹಿಮದ ಮೇಲೆ ಜಾರುವುದರಲ್ಲಿಯೂ ಉತ್ಸಾಹ. ಕೆಲಸಕ್ಕೆ ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ನಿವೃತ್ತಿಯ ತರುವಾಯವೂ ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಗಳಿಗೆ ಹೋಗಿ ಜನರ ಊಟವನ್ನೂ ನೆತ್ತರನ್ನೂ ಪರೀಕ್ಷಿಸಿದರು. ಚೆಲ್ಸಿಯಲ್ಲಿ ಲೇಬರ್ ಪಕ್ಷದಿಂದ ಪೌರಸಭೆಯ ಸದಸ್ಯೆಯಾಗಿದ್ದರು. 1964ನೆಯ ಇಸವಿ ಏಪ್ರಿಲ್ 16ರಂದು ಕಾಲವಾದರು. ಬಸುರಿನ ಮೊದಲ ವಾರಗಳಲ್ಲಿ ಫೋಲಿಕ್ ಆಮ್ಲ ಸಾಕಷ್ಟಿದ್ದರೆ ಮಗುವಿನ ಬೆನ್ನುಹುರಿಯ ಜನ್ಮದೋಷಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದೆಂದು 1991ರ ಒಂದು ದೊಡ್ಡ ಪರೀಕ್ಷೆಯಿಂದ ಸ್ಥಿರಪಟ್ಟದ್ದನ್ನು ಆಕೆ ಕಾಣಲಿಲ್ಲ.

ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ಹಂಚುವ ರಾಷ್ಟ್ರೀಯ ಕಾರ್ಯಕ್ರಮ ನಮ್ಮ ದೇಶದಲ್ಲಿ ಆರಂಭವಾದದ್ದು 1970ರಲ್ಲಿ. ಆದರೂ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಕಂಡುಬಂದಿತು. ಇವರಲ್ಲಿ ಬಹುಮಂದಿಯ ಕೊರತೆ ಕಬ್ಬಿಣದ್ದು. ಕಬ್ಬಿಣ ಹೊಟ್ಟೆಗೆ ಹೋದರೆ ಮಲ ಕಪ್ಪಾಗುವುದು, ಬಾಯಲ್ಲಿ ಒಗರು, ಕೆಲವರಿಗೆ ಓಕರಿಕೆ. ಇದಕ್ಕೆ ಅಂಜಿ ಎರಡು ದಿನ ನುಂಗಿ ಗುಳಿಗೆಯ ಹಾಳೆಯನ್ನು ಗೂಡಿನಲ್ಲಿಯೇ ಬಿಟ್ಟವರುಂಟು. ಊಟವಾದಮೇಲೆ ಮಲಗುವ ಮುಂಚೆ ನುಂಗಿದರೆ ಓಕರಿಕೆ ಕಡಿಮೆ, ಕಪ್ಪು ಬಣ್ಣದಿಂದ ಯಾವ ಕೇಡೂ ಇಲ್ಲ, ಚಹದ ಜೊತೆ ಮಾತ್ರ ಬೇಡ ಎಂಬ ಮೂರು ಮಾತನ್ನು ಮನೆಯ ಹಿರಿಯಳಿಗೆ ಯಾರಾದರೂ ಕುಳಿತು ಹೇಳಬೇಕಾಗಿದೆ.